ಒಂಬತ್ತು ಎಲುಬಿನ ಚೂರು

ಅಂದು ಬೆಳಿಗ್ಗೆ ಗಾಳಿ ಬೀಸಲಿಲ್ಲ. ಸೈಗಾನಿನ ಆಚೆ ಚಾಮ್ ಜನ ಬಾಳುವ ಫಾನ್ ರಾಂಗ್ ಬಯಲಿನಲ್ಲಿ ಗಾಳಿಯಿಲ್ಲದ ಬೆಳಗು ವರ್ಷಕ್ಕೆ ನಾಲ್ಕೋ ಐದೋ ಬಂದೀತು. ಬಂದ ದಿನ ಮೇಕೆಗಳು ಕೂಡ ಕಳ್ಳಿಬೇಲಿಯ ಪಕ್ಕದಲ್ಲಿ ಏನೋ ಮರೆತವರ ಹಾಗೆ ನಿಂತುಬಿಡುತ್ತವೆ. ಅಂಥ ಬೆಳಿಗ್ಗೆ ಹಮು ಬಿರಾವ್ ಹಳ್ಳಿಗೆ ಹಾನ್ ಲೋಕನ ಜೀಪು ಬಂತು. ಅದು ಎಬ್ಬಿಸಿದ ಧೂಳು ಹೋಗಲು ದಾರಿಯಿಲ್ಲದೆ ಅವನ ಹಿಂದೆಯೇ ಗೋಡೆ ಕಟ್ಟಿದಂತೆ ನಿಂತಿತು. ದೇವರು ಕೆಲವರಿಗೆ ಅವರ ಯೋಗ್ಯತೆಗೆ ತಕ್ಕ ಮೆರವಣಿಗೆಯನ್ನೇ ದಯಪಾಲಿಸುತ್ತಾನೆ.

ಬಂಗು ಅಂಗಳದಲ್ಲಿ ಭತ್ತ ಹರಡುತ್ತಿದ್ದಳು. ಜೀಪು ತನ್ನ ಮನೆಯ ಮುಂದೆಯೇ ನಿಂತದ್ದನ್ನು ಕಂಡು ಹೆಗಲ ಬಿಳಿ ಬಟ್ಟೆಯನ್ನು ತಲೆಗೆ ಎಳೆದುಕೊಂಡಳು. ಹಾನ್ ಲೋಕ ಯಾಕೆ ಬಂದಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವಳ ತಮ್ಮ ಬಾಯ್ ಹಿಂದಿನ ದಿನವೇ ಬಂದು ಮುಖ ತಪ್ಪಿಸುತ್ತ ಸುದ್ದಿ ಹೇಳಿದ್ದ. ಅವನಿಗೆ ಜಿಲ್ಲಾ ಕಚೇರಿಯಲ್ಲಿ ಗುಮಾಸ್ತನ ಕೆಲಸದ ಆಸೆಯನ್ನು ಹಾನ್ ಲೋಕ ಹುಟ್ಟಿಸಿದ್ದ.

ಅವಳ ಗಂಡ ಜಾ ಕ್ರಾಮ್ ಜ್ವರದಿಂದ ತೀರಿಕೊಂಡು ಮೂರು ವರ್ಷವಾಗಿತ್ತು. ದಹನವಾದ ಮೇಲೆ ಪುರೋಹಿತರು ಹಣೆಯ ಎಲುಬಿನಿಂದ ನಾಣ್ಯದಗಲದ ಒಂಬತ್ತು ಚೂರು ಆಯ್ದು ತೊಳೆದು ಹಿತ್ತಾಳೆಯ ಕರಡಿಗೆಯಲ್ಲಿಟ್ಟು ಕೊಟ್ಟಿದ್ದರು. ಬಂಗು ಆ ಕರಡಿಗೆಯನ್ನು ಹೊಲದಂಚಿನ ಪೊದೆಯ ಬುಡದಲ್ಲಿ ಮಣ್ಣಿನ ಗಡಿಗೆಯೊಳಗೆ ಕಾಪಾಡಿಕೊಂಡು ಬಂದಿದ್ದಳು. ಅದು ಅವಳದಲ್ಲ. ಚಾಮರಲ್ಲಿ ಗಂಡನೆಂಬವನು ಹೆಂಡತಿಯ ಮನೆಗೆ ಬಂದು ಬಾಳುವ ನೆಂಟ. ಉಸಿರಿರುವ ತನಕ ಅವಳವನು, ಉಸಿರು ನಿಂತ ಮೇಲೆ ತಾಯಿಬಳಿಯವನು. ಅವನ ಎಲುಬನ್ನು ಅವನ ತಾಯಿಬಳಿಯ ಹೆಣ್ಣುಮಕ್ಕಳ ಕೈಗೆ ಹಿಂತಿರುಗಿಸಬೇಕು. ಅವರು ಅದನ್ನು ಕುಟ್ ಎಂಬ ತಮ್ಮ ಕುಲದ ಕಲ್ಲುಗಳ ಕೆಳಗೆ, ಅವನ ತಾಯಿ, ಅಜ್ಜಿ, ಮುತ್ತಜ್ಜಿಯರ ಪಕ್ಕ ಮಲಗಿಸುತ್ತಾರೆ. ಜಾ ಕ್ರಾಮನ ತಾಯಿಬಳಿಯ ಕುಟ್ ಪಕ್ಕದ ಹಳ್ಳಿಯಲ್ಲಿತ್ತು. ಹದಿನೈದು ವರ್ಷಕ್ಕೊಮ್ಮೆ ತೆರೆಯುವ ಆ ಕುಟ್ ಈ ಸಲ ಇನ್ನು ಹನ್ನೆರಡು ದಿನಕ್ಕೆ ತೆರೆಯುವುದಿತ್ತು. ಬಂಗುವಿಗೆ ಅರವತ್ತಮೂರು. ಇದು ತಪ್ಪಿದರೆ ಮುಂದಿನದಕ್ಕೆ ತಾನಿರುವುದಿಲ್ಲ ಎಂಬುದು ಅವಳಿಗೆ ತಿಳಿದೇ ಇತ್ತು.

ಹಾನ್ ಲೋಕ ಜೀಪಿನಿಂದ ಇಳಿದ. ಸೈಗಾನಿನ ಸಂಸತ್ತಿನಲ್ಲಿ ಚಾಮರಿಗೆಂದು ಇದ್ದ ಸ್ಥಾನಕ್ಕೆ ಆ ವರ್ಷ ಅವನು ನಿಂತಿದ್ದ. ತಲೆಯ ಮೇಲೆ ಮಲಯರ ಕಪ್ಪು ಮಕಮಲ್ಲಿನ ಟೋಪಿ. ಹತ್ತು ವರ್ಷದ ಹಿಂದೆ ಅವನು ಫ್ರೆಂಚರ ಹ್ಯಾಟು ಹಾಕಿಕೊಂಡು, ಚಾಮರು ನಾಗರಿಕರಾಗಬೇಕು ಎನ್ನುತ್ತಿದ್ದ. ಆಮೇಲೆ ಬೆಟ್ಟದ ಜನರ ತಲೆವಸ್ತ್ರ ಸುತ್ತಿ, ಚಾಮರು ಬೆಟ್ಟದವರ ಅಣ್ಣತಮ್ಮಂದಿರು ಎಂದ. ಹೋದ ವರ್ಷ ಒಂದು ಸಮ್ಮೇಳನಕ್ಕೆಂದು ಕೌಲಾಲಂಪುರಕ್ಕೆ ಹೋಗಿ ಬಂದವನು ಈಗ ಚಾಮರೂ ಮಲಯರೂ ಒಂದೇ ರಕ್ತ ಎನ್ನುತ್ತಿದ್ದ. ಟೋಪಿ ಬದಲಾದ ಹಾಗೆಲ್ಲ ಅವನ ರಕ್ತವೂ ಬದಲಾಗುತ್ತ ಬಂದಿತ್ತು.

ಅವನು ಬಂಗುವಿನ ಕಾಲಿಗೆ ಬಾಗಿದಂತೆ ಮಾಡಿ, ಜಾ ಕ್ರಾಮ್ ಎಂಥ ಮಹಾನುಭಾವ ಎಂಬಲ್ಲಿಂದ ಶುರುಮಾಡಿದ. ಅಣೆಕಟ್ಟಿನ ನೀರು ಚಾಮರ ಹೊಲಕ್ಕೆ ಬಿಡದಿದ್ದಾಗ ರೈತರನ್ನು ಕರೆದುಕೊಂಡು ಹೋಗಿ ಜಿಲ್ಲಾ ಕಚೇರಿಯ ಮುಂದೆ ನಾಲ್ಕು ದಿನ ಕುಳಿತವನು ಅವನಲ್ಲವೇ? ಅವನೇ ಚಾಮ್ ರಾಷ್ಟ್ರದ ಪಿತಾಮಹನಲ್ಲವೇ? ಜಿಲ್ಲಾ ಪಟ್ಟಣದಲ್ಲಿ ಅವನಿಗೊಂದು ಸ್ಮಾರಕ ಎದ್ದಿದೆ, ಅದರೊಳಗಿಡಲು ಎಲುಬಿನ ಕರಡಿಗೆ ಬೇಕು, ಉದ್ಘಾಟನೆಗೆ ಮಲಯ ದೇಶದ ಕೆಲಂತಾನಿನಿಂದ ಹಾಜಿ ವಾನ್ ಸಲ್ಲೇ ಎಂಬ ದೊಡ್ಡವರೊಬ್ಬರು ಬರುತ್ತಿದ್ದಾರೆ ಎಂದ.

ಬಂಗು ಭತ್ತ ಹರಡುವುದನ್ನು ನಿಲ್ಲಿಸಲಿಲ್ಲ. ಆ ನಾಲ್ಕು ದಿನ ಗಂಡನಿಗೆ ಬುತ್ತಿ ಹೊತ್ತವಳು ಅವಳು. ಆಗ ಈ ಮಹಾಶಯ ಹಲ್ಲುನೋವೆಂದು ಸೈಗಾನಿಗೆ ಹೋಗಿದ್ದ. ನೀರು ಬಿಟ್ಟ ಮಾರನೆಯ ದಿನವೇ ಹಲ್ಲು ವಾಸಿಯಾಗಿ ಬಂದು ತೂಬಿಗೆ ಹಾರ ಹಾಕಿದ್ದ.

"ಅದು ನಂದಲ್ಲ ಲೋಕಣ್ಣ, ಕೊಡೋಕೆ," ಎಂದಳು. "ಅವರ ಅಕ್ಕಂದು. ಕುಟ್ ತೆಗೆಯೋ ದಿನ ನಾನು ತಲುಪಿಸಬೇಕು."

"ಹಾಗಂದ್ರೆ ಹೆಂಗೆ ಅತ್ತಿಗೆ? ನಾನೇನು ಹೊರಗಿನವನಾ? ಅವನ ಅಪ್ಪ, ನಮ್ಮಪ್ಪ ಒಡಹುಟ್ಟಿದೋರು."

ಪಕ್ಕದ ಮನೆಯ ಜಗಲಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದ ಹೆಂಗಸರು ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಮರ ಹಳ್ಳಿಯಲ್ಲಿ ಕುಟ್‌ನ ಮಾತಿಗೆ ಅಪ್ಪನ ಕಡೆಯ ನೆಂಟಸ್ತನ ತಂದವನನ್ನು ಅವರು ಕಂಡಿರಲಿಲ್ಲ.

"ಅಪ್ಪಂದಿರ ಕಡೆ ಹಿಡ್ಕೊಂಡು ಯಾರು ಕುಟ್ ಸೇರಿದಾರಪ್ಪ?" ಎಂದಳು ಬಂಗು. "ಕೌಲಾಲಂಪುರದಲ್ಲಿ ಹಾಗೇನು?"

ಜಗಲಿಯ ಹೆಂಗಸರು ಬುಟ್ಟಿಯೊಳಗೆ ಮುಖ ಹಾಕಿ ನಕ್ಕರು. ಹಾನ್ ಲೋಕ ಟೋಪಿ ತೆಗೆದು, ಬೆವರೊರೆಸಿ, ಮತ್ತೆ ಹಾಕಿಕೊಂಡ. ಬಂಗು ಎದೆ ಗಟ್ಟಿಮಾಡಿಕೊಂಡು ಕಾದಳು. ಈಗ ಗದರಿಸುತ್ತಾನೆ, ಪೊಲೀಸರ ಹೆಸರು ಹೇಳುತ್ತಾನೆ, ಬಾಯ್‌ನ ಕೆಲಸ ಹೋಗುತ್ತದೆ ಎನ್ನುತ್ತಾನೆ ಎಂದುಕೊಂಡಳು. ಆದರೆ ಅವನು ಜಗಲಿಗೆ ಕೇಳದಂತೆ ಧ್ವನಿ ತಗ್ಗಿಸಿ ಹೇಳಿದ:

"ಸರಿ ಬಿಡಿ. ಎಲುಬು ನಿಮ್ಮ ಹತ್ರಾನೇ ಇರಲಿ. ಹಿತ್ತಾಳೆ ಡಬ್ಬಿ ಒಂದು ಮಾಡಿಸ್ಕೋತೀನಿ. ಮುಚ್ಚಳ ತೆಗೆದು ನೋಡೋರು ಯಾರಿದಾರೆ?"

ಜೀಪು ಹೋಯಿತು. ಬಂಗುವಿಗೆ ಹೊರೆ ಇಳಿದಂತಾಯಿತು. ಅವನ ಸುಳ್ಳು ಅವನಿಗೆ, ತನ್ನ ಸತ್ಯ ತನಗೆ ಎಂದುಕೊಂಡು ಅವಳು ಯಾರಿಗೂ ಏನೂ ಹೇಳಲಿಲ್ಲ. ಸುಳ್ಳಿಗೆ ಬೇರೆಯವರ ಅಂಗಳವೂ ತನ್ನದೇ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಐದನೆಯ ದಿನ ಉದ್ಘಾಟನೆ. ಬಾಯ್ ಬಂದು, ಹೆಂಡತಿಯಾದವಳು ಬಾರದಿದ್ದರೆ ಜನ ಏನೆಂದಾರು ಎಂದು ಗೋಗರೆದದ್ದರಿಂದ ಅವಳೂ ಹೋದಳು. ಪಟ್ಟಣದ ಮೈದಾನದಲ್ಲಿ ಸುತ್ತಲ ಹಳ್ಳಿಗಳ ಜನ ನೆರೆದಿದ್ದರು. ಹಿಂದಿನ ದಿನದಿಂದ ಅಡುಗೆಯವರಲ್ಲಿ ಜಗಳ ನಡೆದಿತ್ತಂತೆ. ಚಾಮರು ದನ ತಿನ್ನರು, ಅತಿಥಿ ಹಂದಿ ಮುಟ್ಟರು. ಕೊನೆಗೆ ಮೇಕೆ ಎಂದು ತೀರ್ಮಾನವಾದಾಗ, ಕಡಿದವನು ಮುಸಲ್ಮಾನನಲ್ಲ ಎಂಬ ತಕರಾರು ಎದ್ದು, ಮಹಾಸಹೋದರತ್ವದ ಆ ಭೋಜನದಲ್ಲಿ ಅತಿಥಿಯ ತಟ್ಟೆಗೆ ಬಂದದ್ದು ಬರೀ ಅನ್ನ ಮತ್ತು ಬೇಯಿಸಿದ ಸೊಪ್ಪು. ಒಂದೇ ರಕ್ತ ಅಂತಾರೆ, ಒಂದೇ ಸಾರು ಮಾಡೋಕೆ ಬರಲಿಲ್ಲವಲ್ಲ ಎಂದು ಸೌಟು ಹಿಡಿದ ಮುದುಕಿಯೊಬ್ಬಳು ಗೊಣಗಿದಳು. ಹಾಜಿ ವಾನ್ ಸಲ್ಲೇ ಒಳ್ಳೆಯ ಮನುಷ್ಯ. ಅದನ್ನೇ ದೇವರ ಹೆಸರು ಹೇಳಿ ತೃಪ್ತಿಯಿಂದ ಉಂಡರು.

ಆಮೇಲೆ ಹಾನ್ ಲೋಕ ವೇದಿಕೆ ಏರಿದ. ಹೊಳೆಯುವ ಹೊಸ ಕರಡಿಗೆಯೊಂದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಅದನ್ನು ಎತ್ತುವಾಗ ಭಾರಕ್ಕೆ ಅವನ ಕೈ ನಡುಗಿತು. ಖಾಲಿ ಕರಡಿಗೆಗೆ ಅಷ್ಟು ಭಾರ ತುಂಬುವ ವಿದ್ಯೆ ಎಲ್ಲರಿಗೂ ಬರುವಂಥದ್ದಲ್ಲ. ಅವನು ಸಾವಿರ ವರ್ಷದ ರಾಜರನ್ನು ಕರೆದ, ಮುಳುಗಿದ ಹಡಗುಗಳನ್ನು ನೆನೆದ, ಸಮುದ್ರದ ಆಚೆಯ ಅಣ್ಣಂದಿರ ಕಡೆ ಕೈ ಚಾಚಿದ. ಜಾ ಕ್ರಾಮನ ಹೆಸರು ಬಂದ ಕೂಡಲೇ ಕರಡಿಗೆಗೆ ಹಣೆ ಹಚ್ಚಿ ಅತ್ತ. ನಡುವೆ ಕಣ್ಣು ತೆರೆದಾಗ ಮುಂದಿನ ಸಾಲಿನಲ್ಲಿ ಬಂಗು ಕಂಡಳು. ಇಡೀ ಮೈದಾನದಲ್ಲಿ ಕರಡಿಗೆಯ ಒಳಗೇನಿದೆ ಎಂದು ಬಲ್ಲವರು ಅವರಿಬ್ಬರೇ. ಒಂದು ಕ್ಷಣ ಅವನ ಅಳು ನಿಂತಿತು. ಆಮೇಲೆ ಇನ್ನೂ ಜೋರಾಗಿ ಬಂತು.

ವಾನ್ ಸಲ್ಲೇ ಕಣ್ಣೊರೆಸಿಕೊಂಡರು. ಜನ ಸಾಲುಗಟ್ಟಿ ಬಂದು ಕರಡಿಗೆ ಮುಟ್ಟಿ ಕೈ ಮುಗಿದರು. ಆ ಸಾಲಿನಲ್ಲಿ ಜಾ ಕ್ರಾಮನ ತಾಯಿಬಳಿಯ ಮೂವರು ಹೆಂಗಸರಿದ್ದರು. ಅವರು ಕರಡಿಗೆಯನ್ನು ಮುಟ್ಟಲಿಲ್ಲ. ಬಂಗುವನ್ನು ತಲೆಯಿಂದ ಕಾಲಿನವರೆಗೆ ನೋಡಿ ಹೊರಟುಹೋದರು.

ಉದ್ಘಾಟನೆಯಾದ ಮೂರನೆಯ ದಿನ ಅವರ ಹಳ್ಳಿಯಿಂದ ಮಡಕೆ ಮಾರಲು ಬಂದವಳು ಜಾ ಕ್ರಾಮನ ಅಕ್ಕ ಪರ್ಯಾಕಳ ಮಾತನ್ನು ತಂದಳು. ಹೇಳಲೋ ಬೇಡವೋ ಎಂದು ತಲೆಯ ಮೇಲಿನ ಬುಟ್ಟಿಯನ್ನು ಇಳಿಸದೆಯೇ ಹೇಳಿದಳು: "ಕುಟ್‌ಗೆ ಬರಬೇಡ ಅಂದ್ರು. ದೇಶಕ್ಕೆ ಕೊಟ್ಟಿದ್ದನ್ನ ದೇಶಾನೇ ಮಣ್ಣು ಮಾಡಲಿ ಅಂದ್ರು."

ಬಂಗು ಆ ಹೊತ್ತಿಗೇ ಪಟ್ಟಣಕ್ಕೆ ನಡೆದಳು. ಹಾನ್ ಲೋಕ ಅತಿಥಿಯನ್ನು ಕಳುಹಿಸಿಕೊಡುವ ಗಡಿಬಿಡಿಯಲ್ಲಿದ್ದ. ಅವನು ಪರ್ಯಾಕಳ ಊರಿಗೆ ಹೋಗಬೇಕಿಲ್ಲ, ಎಲ್ಲರೆದುರು ಹೇಳಬೇಕಿಲ್ಲ, ತನ್ನ ಕರಡಿಗೆಯಲ್ಲಿ ಏನೂ ಇಲ್ಲ ಎಂದು ಒಂದು ಚೀಟಿ ಬರೆದುಕೊಟ್ಟರೆ ಸಾಕು ಎಂದು ಅವಳು ಕೇಳಿಕೊಂಡಳು.

"ಅತ್ತಿಗೆ, ನಿಜ ಹೇಳೋಕೂ ಒಂದು ಸಮಯ ಅಂತ ಇರುತ್ತೆ," ಎಂದ ಅವನು ಅತ್ತ ಇತ್ತ ನೋಡುತ್ತ. "ಚುನಾವಣೆ ಮುಗೀಲಿ. ನಾನೇ ಬಂದು ಹೇಳ್ತೀನಿ. ಅಥವಾ ಹೀಗೆ ಮಾಡಿ, ನಿಮ್ಮ ಹತ್ರ ಇರೋದನ್ನ ತಂದು ಇದರೊಳಗೆ ಹಾಕಿಬಿಡಿ. ಆಗ ಸುಳ್ಳೇ ಇರಲ್ಲ."

ವಾನ್ ಸಲ್ಲೇ ಹತ್ತಿರ ಬಂದು ಈ ತಾಯಿ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ತಮ್ಮ ಗಂಡನಿಗೆ ಸಂದ ಗೌರವಕ್ಕೆ ಕೃತಜ್ಞತೆ ಹೇಳುತ್ತಿದ್ದಾರೆ ಎಂದು ಹಾನ್ ಲೋಕ ತಿಳಿಸಿದ. ಹಾಜಿಗಳು ಎದೆಯ ಮೇಲೆ ಕೈಯಿಟ್ಟು ಅವಳಿಗೆ ತಲೆಬಾಗಿದರು. ಏನೂ ತಿಳಿಯದ ಆ ಮನುಷ್ಯನಿಗೆ ಎದುರು ತಲೆಬಾಗದೆ ಅವಳಿಗೆ ಬೇರೆ ದಾರಿಯಿರಲಿಲ್ಲ. ಅಷ್ಟರಲ್ಲಿ ಫೋಟೋದವನೊಬ್ಬ ಬಟನ್ ಒತ್ತಿದ.

ಕುಟ್ ತೆರೆಯುವ ದಿನ ಬೆಳಗಾಗುತ್ತಲೇ ಬಂಗು ಪೊದೆಯ ಬುಡದಲ್ಲಿ ಕುಳಿತು ದೇವರನ್ನು ಬೇಡಿಕೊಂಡಳು. ಗೆಲ್ಲಿಸು ಎಂದೇನೂ ಬೇಡಲಿಲ್ಲ. ಬಾಗಿಲಿನ ತನಕ ಕಾಲು ನಡೆಸು ಎಂದಷ್ಟೇ ಬೇಡಿದಳು. ಗಡಿಗೆಯಿಂದ ಕರಡಿಗೆ ತೆಗೆದಳು. ಮೂರು ಮಳೆಗಾಲ ಕಂಡು ಅದು ಹಸಿರು ಹಿಡಿದಿತ್ತು. ಎದೆಗವುಚಿಕೊಂಡು ಒಬ್ಬಳೇ ನಡೆದಳು.

ಕಲ್ಲುಗಳ ಸುತ್ತ ಬಿದಿರಿನ ಚಪ್ಪರ ಹಾಕಿದ್ದರು. ಬಿಳಿಯುಟ್ಟ ಪುರೋಹಿತರು ಕುಳಿತಿದ್ದರು, ಬೇರೆ ಬೇರೆ ಮನೆಗಳಿಂದ ಬಂದ ಹನ್ನೊಂದು ಕರಡಿಗೆಗಳು ಸಾಲಾಗಿದ್ದವು. ಚಪ್ಪರದ ಬಾಗಿಲಲ್ಲೇ ಹೆಂಗಸರು ಅವಳನ್ನು ತಡೆದರು. ಇದು ಯಾವ ಅಂಗಡಿಯ ಡಬ್ಬಿ ಎಂದು ಒಬ್ಬಳು ಕೇಳಿದಳು. ತಮ್ಮನ ಕೆಲಸಕ್ಕೆ ಗಂಡನನ್ನು ಕೊಟ್ಟವಳು ಎಂದು ಇನ್ನೊಬ್ಬಳು ಯಾರಿಗೋ ಹೇಳುವಂತೆ ಹೇಳಿದಳು. ಪರ್ಯಾಕ ಒಳಗಿನಿಂದ ಎದ್ದು ಬಂದಳು. ಎಪ್ಪತ್ತು ದಾಟಿದ ಹೆಂಗಸು, ಬೆನ್ನು ಇನ್ನೂ ಬಾಗಿರಲಿಲ್ಲ.

ಬಂಗು ಹಾನ್ ಲೋಕನ ಹೆಸರೆತ್ತಲಿಲ್ಲ. ಮಣ್ಣಿನ ಮೇಲೆ ಕುಳಿತು, ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕರಡಿಗೆಯಿಟ್ಟು ಮುಚ್ಚಳ ತೆಗೆದಳು.

ಹೆಂಗಸರು ಹಿಂದೆ ಸರಿದರು. ಪರ್ಯಾಕ ಮೊಣಕಾಲೂರಿ ಬಗ್ಗಿದಳು. ಮುಟ್ಟದೆ, ಒಂದೊಂದೇ ಚೂರನ್ನು ನೋಡುತ್ತ ಹೋದಳು. ಏಳನೆಯದರ ಮೇಲೆ ಅವಳ ಕಣ್ಣು ನಿಂತಿತು. ಅದರ ಅಡ್ಡಕ್ಕೆ ನೂಲಿನಷ್ಟು ಸಣ್ಣ ಏಣು ಇತ್ತು, ಹಿಂದೆಂದೋ ಬಿರಿದು ಕೂಡಿಕೊಂಡ ಗುರುತು. ಗಾಳಿ ಜೋರಾದ ದಿನಗಳಲ್ಲಿ ಜಾ ಕ್ರಾಮ್ ಕೂದಲ ಅಂಚಿನಲ್ಲಿ ಒಂದು ಕಡೆ ಬೆರಳಿಂದ ಉಜ್ಜಿಕೊಳ್ಳುತ್ತಿದ್ದುದು ಬಂಗುವಿಗೆ ಗೊತ್ತಿತ್ತು. ಯಾಕೆಂದು ಅವಳು ಕೇಳಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

"ಚಿಕ್ಕೋನಿದ್ದಾಗ ಇವನಿಗೆ ಮೇಕೆ ಗುದ್ದಿತು ಅಂತ ನಮ್ಮಮ್ಮಂಗೆ ಹೇಳಿದ್ದೆ," ಎಂದಳು ಪರ್ಯಾಕ, ಬಂಗುವಿಗೆ ಮಾತ್ರ ಕೇಳುವಂತೆ. "ಮೇಕೆ ಅಲ್ಲ. ಒರಳಿನ ಅಂಚು. ಸೊಂಟದ ಮೇಲೆ ಕೂರಿಸ್ಕೊಂಡು ಕುಣಿಸ್ತಿದ್ದೆ, ಜಾರಿಬಿಟ್ಟ. ಇವತ್ತಿನ ತನಕ ಯಾರಿಗೂ ಹೇಳಿಲ್ಲ."

ಬಂಗು ಕರಡಿಗೆಯನ್ನು ಅವಳ ಕಡೆ ಇನ್ನಷ್ಟು ಸರಿಸಿದಳು.

ಪರ್ಯಾಕ ಮೂಗೊರೆಸಿಕೊಂಡು, ಈ ಸಲ ಹೆಂಗಸರಿಗೆಲ್ಲ ಕೇಳುವಂತೆ ಕೇಳಿದಳು: "ಹಾಗಾದ್ರೆ ಆ ಲೋಕನ ಡಬ್ಬೀಲಿ ಏನಿದೆ?"

"ಏನೂ ಇಲ್ಲ ಅಕ್ಕ. ಮಾಡಿಸಿದಾಗ ಹೇಗಿತ್ತೋ ಹಾಗೇ ಇದೆ."

"ಅದಕ್ಕಾ ಅಷ್ಟು ಅತ್ತಿದ್ದು?"

ಬಾಗಿಲಲ್ಲಿ ನಿಂತಿದ್ದವಳೊಬ್ಬಳಿಗೆ ನಗು ತಡೆಯಲಿಲ್ಲ. ಆ ಖಾಲಿ ಡಬ್ಬಿಗೆ ತಾನೂ ಕೈ ಮುಗಿಯಲು ಸಾಲಿನಲ್ಲಿ ನಿಂತಿದ್ದುದು ನೆನಪಾಗಿ ಇನ್ನೊಬ್ಬಳ ಮುಖ ಕೆಂಪಾಯಿತು. ಪುರೋಹಿತರು ಇತ್ತ ತಿರುಗಿ, ಹೊತ್ತು ಮೀರುತ್ತಿದೆ, ಬರಬೇಕಾದವರು ಎಲ್ಲ ಬಂದರೇ ಎಂದು ಕೇಳಿದರು. ಇನ್ನೊಬ್ಬ ಇದ್ದಾನೆ ಎಂದಳು ಪರ್ಯಾಕ. ಅವಳು ಅಲ್ಲೇ ನೆಲದ ಮೇಲೆ ಬಂಗುವಿನ ಎದುರಿಗೆ ಕುಳಿತು, ಹೆಗಲ ಬಟ್ಟೆಯನ್ನು ತೆಗೆದು ಮಡಿಲಲ್ಲಿ ಹಾಸಿಕೊಂಡಳು.

ಬಂಗು ಮುಚ್ಚಳ ಮುಚ್ಚಿದಳು. ಕರಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಆ ಬಟ್ಟೆಯ ಮೇಲಿಟ್ಟು, ತನ್ನ ಕೈ ಹಿಂದೆಗೆದುಕೊಂಡಳು.