ಅಕ್ಕಯ್ಯಮ್ಮನ ಪಿಜಿ ವೆಬ್‌ಸೈಟ್

"ವೆಬ್‌ಸೈಟು ವರ್ಡ್‌ಪ್ರೆಸ್ಸಲ್ಲೇ ಬೇಕು ಕಣಮ್ಮ. ನಮ್ಮ ನಾದಿನಿ ಪಿಜಿದೂ ಅದ್ರಲ್ಲೇ ಇರೋದು. ಫೋಟೋ ನಾನೇ ಹಾಕ್ಕೋಬೇಕು, ನಿನ್ನ ಕಾಯ್ಕೊಂಡು ಕೂರೋಕಾಗಲ್ಲ," ಅಂದಿದ್ದರು ವಿಜಯನಗರದ ಅಕ್ಕಯ್ಯಮ್ಮ. ಅವರ ಲೇಡೀಸ್ ಪಿಜಿಗೆ ಅಷ್ಟೆಲ್ಲ ಬೇಡ, ಸಾದಾ ನಾಲ್ಕು ಪುಟ ನಾನೇ ಬರೆದುಕೊಡುತ್ತೇನೆ ಅಂದರೆ ಕೇಳಬೇಕಲ್ಲ! ಮೂರು ಸಲ ವಾದ ಮಾಡಿ ಸೋತು, ಲಾಗಿನ್ ಅವರ ಕೈಗಿಟ್ಟೆ. ನಾನು ಮಾಡುವ ಎಲ್ಲ ಸೈಟಿಗೂ ಹಾಕುವಂತೆ ಪುಟದ ಕೊನೆಯಲ್ಲಿ ನನ್ನ ಹೆಸರು, ಗೋವಿಂದರಾಜನಗರದ ವಿಳಾಸ ಹಾಕಿಕೊಂಡೆ. ಮನೆಯೇ ನನ್ನ ಆಫೀಸು.

ಪಿಜಿಯ ಫೋಟೋ ತೆಗೆಯಲು ಹೋದ ದಿನ ವಚನಾ ಎಂಬ ಹುಡುಗಿ ನನ್ನನ್ನು ಮೂಲೆಗೆ ಕರೆದಿದ್ದಳು. ನನ್ನಂತೆ ಕೊಪ್ಪಳದ ಕಡೆಯವಳು. ಮದುವೆ ಒಲ್ಲೆನೆಂದು ಮನೆ ಬಿಟ್ಟು ಬಂದವಳು.

"ಅಕ್ಕಾ, ನನ್ನ ಫೋಟೋ ಹಾಕಬ್ಯಾಡ್ರಿ. ನಮ್ಮಣ್ಣಗ ಗೊತ್ತಾದ್ರ ಜೀವಂತ ಬಿಡಂಗಿಲ್ಲ."

ಹಾಕಲ್ಲ ಎಂದು ಮಾತು ಕೊಟ್ಟೆ.

ಇವತ್ತು ಮಧ್ಯಾಹ್ನ ಮೇಲ್ ಬಂತು. ಆ ಸೈಟಿನಲ್ಲಿ ಯಾರು ಏನು ಬರೆದು ಕಳಿಸಿದರೂ ಒಂದು ಪ್ರತಿ ನನಗೆ ಬರುತ್ತದೆ. 'ನಾನು ರೂಮ್ ಏಳರ ವಚನಾಳ ಅಣ್ಣ. ನಾಗರ ಪಂಚಮಿಗೆ ಕರೆದುಕೊಂಡು ಹೋಗಲು ಬರುತ್ತಿದ್ದೇನೆ.' ಸೈಟು ತೆರೆದರೆ 'ನಮ್ಮ ಮನೆ ಮಕ್ಕಳು' ಎಂಬ ಹೊಸ ಪುಟ. ಅಕ್ಕಯ್ಯಮ್ಮ ಅಕ್ಕರೆಯಿಂದ ಎಲ್ಲರ ಫೋಟೋ, ಹೆಸರು, ಊರು, ರೂಮ್ ನಂಬರ್ ಹಾಕಿದ್ದರು. ಪುಟ ಅಳಿಸಿ ಆಟೋ ಹತ್ತಿದೆ. ವಚನಾ ಫೋನ್ ಎತ್ತಲಿಲ್ಲ. ಲಾಗಿನ್ ಕೊಟ್ಟ ನನ್ನ ಕೈಗೆ ಬರೆ ಹಾಕಬೇಕು ಅನ್ನಿಸಿತು.

ಅಣ್ಣ ಆಗಲೇ ಪಿಜಿಯ ಹಾಲಿನಲ್ಲಿ ಕೂತಿದ್ದ, ತೊಡೆಯ ಮೇಲೆ ಹಬ್ಬದ ಉಂಡಿಯ ಡಬ್ಬ ಇಟ್ಟುಕೊಂಡು. ಗಂಡಸರನ್ನು ಗೇಟು ದಾಟಲು ಬಿಡದ ಅಕ್ಕಯ್ಯಮ್ಮ ಅವನಿಗೆ ಕಾಫಿ ಕೊಡುತ್ತಿದ್ದರು.

"ಪಂಚಮಿಗೆ ತಂಗಿ ಕರ್ಕೊಂಡ್ ಹೋಗೋಕೆ ಬಂದ ಅಣ್ಣನ್ನ ಬೀದೀಲಿ ನಿಲ್ಸೋಕಾಗುತ್ತಾ? ಬಾ ಸುವರ್ಣಾ. ನೋಡಪ್ಪ, ವೆಬ್‌ಸೈಟ್ ಮಾಡಿದ್ದು ಇವಳೇ."

ಅವನು ಎದ್ದು ಕೈ ಮುಗಿದ. ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ವಚನಾ. ಹೊರಗೋಡಿ, ಗೇಟಿನ ಬಳಿ ನಿಂತು ಪಿಸುಗುಟ್ಟಿದೆ.

"ಪಿಜಿಗೆ ಬರಬ್ಯಾಡ. ನಿಮ್ಮಣ್ಣ ಬಂದಾನ. ಆಫೀಸಿಂದ ಸೀದಾ ನನ್ನ ಮನಿಗೆ ಹೋಗು, ಕೀಲಿ ಮಗ್ಗಲಮನಿಯಾಗ ಐತಿ. ವಿಳಾಸ ಸೈಟಿನ ಕೆಳಗ ಐತಿ, ನೋಡ್ಕೋ."

ಅವಳು ಅಳುತ್ತಲೇ ಹೂಂ ಅಂದಳು. ಬದುಕಿದೆವು ಅಂದುಕೊಂಡು ಫೋನ್ ಇಟ್ಟು ತಿರುಗಿದೆ.

ಅಣ್ಣ ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಹಾಕಿಕೊಂಡಾಗಿತ್ತು. ಮೊಬೈಲಿನಲ್ಲಿ ಪಿಜಿಯ ಸೈಟು ತೆರೆದು, ಹೆಬ್ಬೆರಳಿನಿಂದ ಪುಟವನ್ನು ಕೊನೆಯ ತನಕ ಸರಿಸುತ್ತಿದ್ದ.

"ಅಕ್ಕಾರ," ಅಂದ ಮೆತ್ತಗೆ, "ಗೋವಿಂದರಾಜನಗರ ಇಲ್ಲಿಂದ ಎಷ್ಟು ದೂರ ಆಗತೈತ್ರಿ?"