ಹೇಳದೆ ಉಳಿದ ಎರಡನೇ ಮಾತು

ಕೊತ್ತಂಬರಿ ಸೊಪ್ಪಿನ ಮೂಟೆಯಿಂದ ಇಳಿದ ನೀರು ಬಸ್ಸಿನ ತಗಡಿನ ನೆಲದ ಮೇಲೆ ಗೆರೆಯಾಗಿ ಹರಿದು, ಬ್ರೇಕು ಬಿದ್ದಾಗ ಮುಂದಕ್ಕೆ, ಏರು ಸಿಕ್ಕಾಗ ಹಿಂದಕ್ಕೆ, ಈಗ ಅನುಶ್ರೀಯ ಚಪ್ಪಲಿಯ ಅಂಚಿಗೆ ಬಂದು ನಿಂತಿದೆ, ಕಾಲು ಎತ್ತಿಕೊಳ್ಳಬೇಕು ಅಂದುಕೊಳ್ಳುತ್ತಾಳೆ, ಎತ್ತುವುದಿಲ್ಲ, ಕುಶಾಲನಗರದಿಂದ ಸುಂಟಿಕೊಪ್ಪದ ಭಾನುವಾರದ ಸಂತೆಗೆ ಹೊರಟವರೇ ಬಸ್ಸಿನ ತುಂಬ, ಮೂಟೆಯಿಲ್ಲದವಳು ತಾನೊಬ್ಬಳೇ, ಮಡಿಲಲ್ಲಿ ಒಂದು ಹಾಜರಿ ಪುಸ್ತಕ, ಒಂದು ಡಬ್ಬಿ ಚಕ್ಕುಲಿ, ಅಮ್ಮ ಮಾಡಿಕೊಟ್ಟಿದ್ದು, ಎಷ್ಟು ಜನ ಬತ್ತರೆ ಮಗ ಹುಡುಗೀರು ಅಂತ ಕೇಳಿದ್ದಳು ಬೆಳಿಗ್ಗೆ, ಇವಳು ಹತ್ತೋ ಹನ್ನೊಂದೋ ಅಂದುಬಿಟ್ಟಿದ್ದಳು, ಸುಳ್ಳು, ಹೋದ ಭಾನುವಾರ ಬಂದವರು ನಾಲ್ಕೇ ಜನ, ಅದರಲ್ಲೂ ಒಬ್ಬಳು ಸಂತೆಯ ಬಿಸಿಲಿಗೆ ನಿಲ್ಲಲಾರದೆ ನೆರಳಿಗೆ ಬಂದವಳು. ನವೆಂಬರಿನ ತನಕ ನಿಜಕ್ಕೂ ಹನ್ನೊಂದು ಜನ ಇದ್ದರು. ಹಿಟ್ಟಿನ ಮಿಲ್ಲಿನ ಮೇಲಿನ ಆ ಕೋಣೆಯಲ್ಲಿ ಸುತ್ತಲಿನ ಕಾಫಿ ತೋಟಗಳ ಕೂಲಿಯವರ ಲೈನ್ ಮನೆಗಳ ಹುಡುಗಿಯರು, ಎಲ್ಲ ಪಿಯುಸಿ ವಯಸ್ಸಿನವರು, ಚಾಪೆಯ ಮೇಲೆ ಸುತ್ತ ಕೂತು ಮನಸ್ಸಿಗೆ ಬಂದದ್ದು ಮಾತಾಡುವುದು, ಅಷ್ಟೇ ಕೆಲಸ, ಕೆಳಗೆ ಮಿಲ್ಲು ಓಡುವಾಗ ನೆಲ ಗುಂಯ್ ಅನ್ನುತ್ತದೆ, ಒಳ್ಳೆಯದೇ ಆಯ್ತು ಬಿಡು, ಒಳಗಿನ ಮಾತು ಮೆಟ್ಟಿಲ ತನಕವೂ ಕೇಳಿಸುವುದಿಲ್ಲ ಅಂದಿದ್ದರು ಸೌಮ್ಯ ಮೇಡಂ, ಮೂವತ್ತು ವರ್ಷ ನರ್ಸಾಗಿದ್ದು ರಿಟೈರಾದ ಮೇಲೆ, ಈ ಗುಂಪು ನಡೆಸಲು ತನ್ನನ್ನು ಕಳಿಸುವ ಸಂಸ್ಥೆ ಕಟ್ಟಿದವರು, ನಗುವಾಗಲೂ ನಾಡಿ ಹಿಡಿದು ನೋಡುವವರ ಹಾಗೆ ಮುಖ ನೋಡುವವರು.

ಆನೆಕಾಡು ಬಂತು, ತೇಗದ ಮರಗಳು ಕಿಟಕಿಯಲ್ಲಿ ಒಂದರ ಹಿಂದೆ ಒಂದು, ನವೆಂಬರಿನ ಆ ಭಾನುವಾರವೂ ಇದೇ ಬಸ್ಸು, ಸೌಜನ್ಯ ಎಲ್ಲರೂ ಕೋಣೆಯ ಮೆಟ್ಟಿಲು ಇಳಿದು ಹೋದ ಮೇಲೆ ಚಾಪೆ ಸುತ್ತುವ ನೆಪದಲ್ಲಿ ಉಳಿದುಕೊಂಡಿದ್ದಳು, ಸೆಕೆಂಡ್ ಪಿಯು, ಲೆಕ್ಕದಲ್ಲಿ ಚುರುಕು, ಗುಂಪಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದವಳೇ ಅವಳು, ಚಾಪೆಯನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಅಕ್ಕ ಒಂದು ಹೇಳ್ಲಾ, ಯಾರಿಗೂ ಹೇಳ್ಬಾರ್ದು, ಹೇಳು ಮಾರಾಯ್ತಿ, ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ ಅಲ್ವಾ, ಹೌದು, ಇಲ್ಲೇ ಇರುತ್ತೆ — ಅದನ್ನು ತಾನು ಎಷ್ಟು ಸಲೀಸಾಗಿ ಹೇಳಿದ್ದೆ. ಬದುಕೋದೇ ಬೇಡ ಅನಿಸ್ತದೆ ಅಕ್ಕ, ತುಂಬ ದಿನ ಆಯ್ತು, ಈಗ ಯಾವ ದಿನ ಅಂತಾನೂ ಯೋಚನೆ ಮಾಡಿಟ್ಟಿದ್ದೀನಿ. ಏನಾಯ್ತು ಅಂತ ಕೇಳಿದ್ದಕ್ಕೆ, ಎಂತದೂ ಆಗ್ಲಿಲ್ಲ, ಕಾರಣ ಇದ್ದಿದ್ರೆ ಹೇಳ್ಬಹುದಿತ್ತು, ಕಾರಣ ಇಲ್ಲ, ಅದೇ ಕಷ್ಟ. ಕಾರಣ ಇಲ್ಲ ಅನ್ನುವುದನ್ನು ಆಮೇಲೆ ಯಾರೂ ನಂಬಲಿಲ್ಲ, ಲೆಕ್ಚರರು ಲವ್ ಕೇಸಾ ಅಂದರು, ಲೈನಿನವರು ದೃಷ್ಟಿ ಅಂದರು, ಅವಳ ಅಮ್ಮ ಲಿಂಗಮ್ಮ ನಾನು ಏನಾದ್ರೂ ಬೈದೆನಾ ಟೀಚರೇ ಅಂತ ತನ್ನ ಬೈಗುಳಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು ಹೇಳಿದಳು, ಸೊಪ್ಪು ಸೀದುಹೋದ ದಿನದ್ದು, ಮೊಬೈಲ್ ಕಿತ್ತುಕೊಂಡ ದಿನದ್ದು. ಆ ಮಧ್ಯಾಹ್ನ ತಾನು ಸೌಜನ್ಯಾಳನ್ನು ಮನೆಯ ತನಕ ಬಿಟ್ಟು, ಅವಳು ಒಳಗೆ ಹೋದದ್ದೇ ತಡ ತಿರುಗಿ ತೋಟದ ಗೇಟಿಗೆ ಓಡಿದ್ದೆ, ಓವರ್‌ಟೈಮ್ ಮುಗಿಸಿ ಬರುತ್ತಿದ್ದ ಲಿಂಗಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ್ದೆ, ಅವಳು ಅಳಲಿಲ್ಲ, ಕತ್ತಿಯನ್ನು ಸೊಂಟದಿಂದ ತೆಗೆದು ಬೇಲಿಗೆ ಸಿಕ್ಕಿಸಿ, ಈಗ ನಾನು ಎಂತ ಮಾಡ್ಬೇಕು ಹೇಳಿ ಅಂದಳು, ಒಬ್ಬಳನ್ನೇ ಬಿಡಬೇಡಿ, ನಾಳೆ ಬೆಳಿಗ್ಗೆ ಮಡಿಕೇರಿ ಆಸ್ಪತ್ರೆಗೆ ಹೋಗೋಣ ಅಂದೆ, ಇಬ್ಬರೂ ಒಟ್ಟಿಗೆ ಮನೆಗೆ ಹೋದಾಗ ಬಾಗಿಲಲ್ಲಿ ಸೌಜನ್ಯ ನಿಂತಿದ್ದಳು, ಅಮ್ಮನ ಮುಖ ನೋಡಿದಳು, ಆಮೇಲೆ ಅನುಶ್ರೀಯ ಮುಖ, ಓ, ನೀವೂ ಹಾಗೇನಾ.

ಅಷ್ಟೇ ಮಾತು, ಆಮೇಲೆ ಇವತ್ತಿನ ತನಕ ಇವಳ ಹತ್ತಿರ ಒಂದಕ್ಷರ ಇಲ್ಲ. ಆಸ್ಪತ್ರೆಗೆ ಬಂದಳು, ಡಾಕ್ಟರ ಹತ್ತಿರ ಮಾತಾಡಿದಳು, ಎರಡು ವಾರಕ್ಕೊಮ್ಮೆ ಅಮ್ಮನ ಜೊತೆ ಹೋಗುತ್ತಾಳೆ, ಮಾತ್ರೆ ತಪ್ಪಿಸುವುದಿಲ್ಲ, ಬದುಕಿದ್ದಾಳೆ, ಅನ್ನ ಉಣ್ಣುತ್ತಾಳೆ, ಅದು ದೊಡ್ಡದು, ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ ಅಂತ ಅನುಶ್ರೀ ಬಸ್ಸಿನಲ್ಲಿ ಕೂತಾಗೆಲ್ಲ ಹೇಳಿಕೊಳ್ಳುತ್ತಾಳೆ, ಆದರೆ ಸೌಜನ್ಯ ಕಾಲೇಜು ಬಿಟ್ಟಳು, ಅಮ್ಮನ ಜೊತೆ ಕಾಫಿ ಪಿಕಿಂಗಿಗೆ ಹೊರಟಳು, ಲೈನಿನಲ್ಲಿ ಮಾತು ಹಬ್ಬಿತು, ಆ ಟೀಚರ ಹತ್ರ ಹೇಳಿದ್ರೆ ಸಾಯಂಕಾಲದೊಳಗೆ ಮನೆಗೆ ಬತ್ತದೆ ಸುದ್ದಿ, ಹನ್ನೊಂದು ಎಂಟಾಯಿತು, ಎಂಟು ನಾಲ್ಕಾಯಿತು. ಸೌಮ್ಯ ಮೇಡಂ ಎಲ್ಲ ಕೇಳಿ, ಟೀ ಲೋಟ ಕೆಳಗಿಟ್ಟು, ನೀನು ಅವಳಮ್ಮಂಗೆ ಹೇಳಿದ್ದು ತಪ್ಪಲ್ಲ ಕಣೆ, ಹೇಳ್ಬೇಕಾಗ್ಬಹುದು ಅಂತ ಅವಳಿಗೆ ಮೊದಲೇ ಹೇಳದೇ ಇದ್ದದ್ದು ತಪ್ಪು ಅಂದರು. ನಿಯಮದಲ್ಲಿ ಇರುವುದೇ ಎರಡು ಮಾತು, ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ ಅನ್ನುವುದು ಮೊದಲನೆಯದು, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಿಮಗೆ ತಿಳಿಸಿಯೇ ಬೇರೆಯವರಿಗೆ ಹೇಳುತ್ತೇವೆ ಅನ್ನುವುದು ಎರಡನೆಯದು, ಆ ಎರಡನೆಯದನ್ನು ತಾನು ಬೇಕೆಂದೇ ಬಿಟ್ಟಿದ್ದೆ, ಮರೆತದ್ದಲ್ಲ, ಮರೆತೆ ಅಂದಿದ್ದರೆ ಮೇಡಂ ನಂಬುತ್ತಿದ್ದರೇನೋ, ನಿಜ ಏನೆಂದರೆ ಮೈಸೂರಿನ ಹಾಸ್ಟೆಲಿನಲ್ಲಿ ತಾನು ಹದಿನೈದು ದಿನ ಹಾಸಿಗೆಯಿಂದ ಏಳದೆ ಬಿದ್ದಿದ್ದಾಗ, ವಾರ್ಡನ್ನು ಬಂದು, ಏನಿದ್ರೂ ಹೇಳಮ್ಮ, ಆದ್ರೆ ಊರಿಗೆ ತಿಳಿಸೋ ಹಾಗಿದ್ರೆ ತಿಳಿಸ್ತೀನಿ ನೋಡು ಅಂದಿದ್ದಳು, ಬಾಯಿ ಹಾಗೇ ಮುಚ್ಚಿಕೊಂಡಿತು, ಹಾಲಿನ ಡೈರಿಯಲ್ಲಿ ಕೂತ ಅಪ್ಪನ ಮುಖ ನೆನಪಾಗಿ, ಹೊಟ್ಟೆನೋವು ಅಂದೆ, ಆಮೇಲೆ ತಾನಾಗಿ ಎದ್ದೆ, ಹೇಗೆ ಎದ್ದೆನೋ. ಈ ಹುಡುಗಿಯರ ಬಾಯಿ ಮುಚ್ಚಬಾರದು ಅಂತ ಬಿಟ್ಟದ್ದು ಅದು. ಒಳ್ಳೆಯದಕ್ಕೇ ಬಿಟ್ಟದ್ದು. ಒಳ್ಳೆಯದಕ್ಕೆ ಹೇಳಿದ ಸುಳ್ಳು ಕೂಡ ಸುಳ್ಳೇ ಅಲ್ಲವಾ.

ಅನುಶ್ರೀ ಬುಧವಾರ ಬುಧವಾರ ಲೈನಿಗೆ ಹೋದಳು, ಒಂಬತ್ತು ಬುಧವಾರ, ಲಿಂಗಮ್ಮ ಮೆಟ್ಟಿಲ ಮೇಲೆ ಕೂರಿಸಿ ಕರಿಕಾಫಿ ಕೊಡುತ್ತಿದ್ದಳು, ಒಳಗಿದ್ದಾಳೆ, ಬರಲ್ಲ ಅಂತಾಳೆ, ಬೇಜಾರು ಮಾಡ್ಕೋಬೇಡಿ, ಬಾಗಿಲು ಅರ್ಧ ತೆರೆದಿರುತ್ತಿತ್ತು, ಆರನೇ ಬುಧವಾರ ಲೋಟ ಕೆಳಗಿಟ್ಟು ಆ ಅರ್ಧ ಬಾಗಿಲಿಗೇ ಹೇಳಿದ್ದಳು, ಸೌಜನ್ಯ, ಅಮ್ಮಂಗೆ ಹೇಳಿದ್ದಕ್ಕೆ ನಾನು ಸಾರಿ ಕೇಳಲ್ಲ, ಇನ್ನೊಂದು ಸಲ ಆದ್ರೂ ಹೇಳ್ತೀನಿ, ಆದ್ರೆ ಯಾರಿಗೂ ಹೇಳಲ್ಲ ಅಂತ ನಿನಗೆ ಮಾತು ಕೊಟ್ಟೆನಲ್ಲ, ನಿನಗೆ ಹೇಳದೆ ಹೋದೆನಲ್ಲ, ಜೀವಕ್ಕೆ ಅಪಾಯ ಅಂದ್ರೆ ಹೇಳ್ತೀವಿ ಅನ್ನೋ ಎರಡನೇ ನಿಯಮ ಮೊದ್ಲೇ ಹೇಳ್ಲಿಲ್ಲವಲ್ಲ, ಅದಕ್ಕೆ ಕ್ಷಮಿಸು. ಒಳಗೆ ಟಿವಿಯ ಸೌಂಡು ಜೋರಾಯಿತು. ಲಿಂಗಮ್ಮ ನಾಚಿಕೊಂಡು, ಏ ಮೂಳಿ, ಸಣ್ಣ ಮಾಡು ಅಂತ ಕೂಗಿದಳು, ಇರಲಿ ಬಿಡಿ ಅಮ್ಮ, ಜೋರು ಮಾಡೋಷ್ಟು ಸಿಟ್ಟಿದೆಯಲ್ಲ, ಸಿಟ್ಟು ಬರೋದು ಒಳ್ಳೇದೇ ಅಂದಳು, ಹಾಗೆ ಅಂದದ್ದು ಲಿಂಗಮ್ಮನಿಗೋ ತನಗೋ.

ಸುಂಟಿಕೊಪ್ಪ, ಸಂತೆ, ಒಣಮೀನು, ಪ್ಲಾಸ್ಟಿಕ್ ಬಕೆಟ್ಟು, ಮಲಯಾಳಂ, ತಮಿಳು, ಕನ್ನಡ ಒಂದರ ಮೇಲೊಂದು ಕೂಗು, ಮಿಲ್ಲಿನ ಪಕ್ಕದ ಕಿರಿದಾದ ಮೆಟ್ಟಿಲು, ಇಪ್ಪತ್ತೊಂದು ಮೆಟ್ಟಿಲು, ಬೀಗ, ಪೊರಕೆ, ಚಾಪೆ ಹಾಸಬೇಕು, ಎಷ್ಟು ಚಾಪೆ, ಮೂರು ಸಾಕು, ನಾಲ್ಕು ಹಾಸಿದಳು, ಒಬ್ಬೊಬ್ಬರಾಗಿ ಬಂದರು, ನಾಲ್ಕು, ಐದು, ಹೊಸಬಳೊಬ್ಬಳು, ಆರು, ಉಗುರು ಕಚ್ಚುತ್ತಾ ಬಾಗಿಲ ಹತ್ತಿರವೇ ಕೂತಳು ಅವಳು, ಕೆಳಗೆ ಮಿಲ್ಲು ಶುರುವಾಯಿತು, ನೆಲ ಗುಂಯ್ ಅಂದಿತು, ಇವತ್ತು ಹೇಳಬೇಕು, ಎರಡೂ ಹೇಳಬೇಕು, ಹೇಳಿದರೆ ಈ ಹೊಸಬಳು ಎದ್ದು ಹೋದರೆ, ಹೋದರೆ ಹೋಗಲಿ, ಇಲ್ಲ, ಹೋಗದಿರಲಿ, ಹಾಜರಿ ಪುಸ್ತಕ ಮುಚ್ಚಿಟ್ಟು, ನೋಡಿ, ಇಲ್ಲಿ ಕೂತು ಮಾತಾಡೋಕೆ ಎರಡು ನಿಯಮ ಇದೆ, ಮೊದಲನೇದು, ಇಲ್ಲಿ ಆಡಿದ ಮಾತು — ಮೆಟ್ಟಿಲ ಮೇಲೆ ಯಾರೋ ಬಂದ ಸದ್ದು, ಮಿಲ್ಲಿನ ಸದ್ದಿನ ನಡುವೆಯೂ ಕೇಳಿಸುವಷ್ಟು ಹತ್ತಿರ, ಎಲ್ಲರೂ ತಿರುಗಿದರು, ಬಾಗಿಲಲ್ಲಿ ಸೌಜನ್ಯ, ಅಮ್ಮನ ಸಂತೆಯ ಚೀಲ ಹೆಗಲಿಗೆ, ಸಣ್ಣಗಾಗಿದ್ದಾಳೆ, ಕೂದಲು ಎಳೆದು ಕಟ್ಟಿದ್ದಾಳೆ, ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ, ಹೊಸಬಳನ್ನು ಒಂದು ಸಲ ನೋಡಿ, ಆಮೇಲೆ ಅನುಶ್ರೀಯನ್ನು ನೇರವಾಗಿ ನೋಡಿ, ಎರಡನೇದು ಮೊದ್ಲು ಹೇಳಿ ಅಕ್ಕ ಅಂದಳು. ಸಿಟ್ಟೋ, ಅಲ್ಲವೋ, ಗೊತ್ತಾಗುವುದಿಲ್ಲ, ಅಕ್ಕ ಅಂದಳಲ್ಲ, ಅಂದಳು, ಏನು ಹೇಳಬೇಕು ಈಗ, ಎರಡನೆಯದು, ಜೀವಕ್ಕೆ ಅಪಾಯ ಅನ್ನಿಸಿದರೆ, ಮಾತನ್ನು ಇನ್ನೂ ಜೋಡಿಸಿಕೊಳ್ಳುತ್ತಿದ್ದಾಳೆ, ಕೇಳಿಸಲಿಲ್ಲವೇನೋ ಅಂತ ಸೌಜನ್ಯ ಕೈ ಎತ್ತಿದಳು, ಎರಡು ಬೆರಳು, ಕಾಫಿ ಹಣ್ಣಿನ ಅಂಟು ಹಿಡಿದು ಗೆಣ್ಣಿನ ತನಕ ಕಪ್ಪಾದ ಎರಡು ಬೆರಳು, ಎಷ್ಟು ತೊಳೆದರೂ ಹೋಗದ ಕಪ್ಪು, ಉಗುರಿನ ಬುಡದಲ್ಲಿ ಮಾತ್ರ ಬೆಳ್ಳಗೆ, ಇಳಿಯುತ್ತಿಲ್ಲ, ಆರು ಹುಡುಗಿಯರ ತಲೆಯ ಮೇಲಿಂದ ಅನುಶ್ರೀಯ ಕಡೆಗೆ ನೆಟ್ಟಗೆ, ಹೇಳಿ ಅನ್ನುತ್ತಾ, ಕಪ್ಪಾದ ಎರಡು ಬೆರಳು.