ಕಬ್ಬಿನ ಮೇಲೆ ನಿಂತ ಕೇಕು

ಪುಟ್ಟ ಗಾಜಿನ ಲೋಟದಲ್ಲಿ ಅರ್ಧ ನೀರು. ಅದು ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿ ನಿಂತಿರಬೇಕು. ಅಂತಸ್ತಿನ ಕೇಕು ನಿಲ್ಲಿಸಲು ನನಗೆ ಗೊತ್ತಿದ್ದ ಅಳತೆ ಅದೊಂದೇ. ಅಂದು, ಅರವತ್ತು ತುಂಬಿದ ಶ್ರೀಕಂಠಯ್ಯನವರ ನಡುಮನೆಯಲ್ಲಿ, ಕೆಳಗಿನ ಕೇಕಿನ ಫಾಂಡೆಂಟ್ ಎಂಬ ಬಿಳಿಯ ಸಕ್ಕರೆ ಹೊದಿಕೆಯ ಮೇಲೆ ಲೋಟವಿಟ್ಟು ಉಸಿರು ಬಿಗಿಹಿಡಿದು ನೋಡಿದೆ. ನೀರು ಸಮನಾಗಿತ್ತು.

ಒಂದರ ಮೇಲೊಂದರಂತೆ ಮೂರು ಕೇಕು ಏರಿಸುತ್ತಿದ್ದುದು ಅದೇ ಮೊದಲು. ಮೇಲಿನ ಭಾರ ಕೆಳಗಿನದರ ಮೆದು ಒಡಲಿಗೆ ಇಳಿಯದಂತೆ ಒಳಗೆ ಬಿದಿರಿನ ಕಡ್ಡಿ ನೆಡಬೇಕು. ಅವುಗಳ ತಲೆಯ ಮೇಲೆ ರಟ್ಟು, ರಟ್ಟಿನ ಮೇಲೆ ಮುಂದಿನ ಕೇಕು. ಚೀಲದಿಂದ ಕಡ್ಡಿ ತೆಗೆದೆನಷ್ಟೆ.

"ಏನೇ ಅದು?" ಶ್ರೀಕಂಠಯ್ಯನವರ ಅಕ್ಕ ತುಂಗಮ್ಮ ಬಾಗಿಲಲ್ಲಿ ನಿಂತಿದ್ದರು.

"ಬಿದಿರು, ಅಮ್ಮಾ. ಕೇಕಿಗೆ ಆಸರೆ."

"ಚಟ್ಟಕ್ಕೆ ಕಟ್ಟೋದನ್ನ ಅರವತ್ತರ ಶಾಂತಿಗೆ ತಂದಿದೀಯಾ? ತೆಗಿ ಹೊರಗೆ!"

"ಅತ್ತೆ, ಒಳಗಿರುತ್ತೆ, ಯಾರಿಗೂ ಕಾಣಲ್ಲ," ಎಂದಳು ಶ್ರೀಕಂಠಯ್ಯನವರ ಮಗಳು ವಿನುತಾ. ಕೇಕು ಮಾಡಿಸಿದವಳು ಅವಳೇ.

"ಮೇಲಿರೋನಿಗೆ ಕಾಣಲ್ವೇನೇ?" ಮಂಟಪಕ್ಕೆ ತಂದಿದ್ದ ಕಬ್ಬಿನ ಜಲ್ಲೆಯೊಂದನ್ನು ತುಂಗಮ್ಮ ನನ್ನ ಮುಂದಿಟ್ಟರು. "ಇದನ್ನ ಹಾಕು. ಸಿಹಿಗೆ ಸಿಹಿ."

ತಾತ ಹಾಡುತ್ತಿದ್ದ ಕಾವ್ಯ ಕೇಳುತ್ತ ಬೆಳೆದವಳು ನಾನು. ಹಿರಿಯರಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ದೇವರನ್ನು ನೆನೆದು, ಕಬ್ಬು ಸಿಗಿದು ನೆಟ್ಟೆ. ಮೂರೂ ನಿಂತವು.

"ರಾಹುಕಾಲ ಕಳೀದೆ ಚಾಕು ಮುಟ್ಟಕೂಡದು," ಎಂದು ತುಂಗಮ್ಮ ಸಾರಿದರು. ನೆಂಟರು ತುಂಬಿದರು. ಹೂವಿಡುವ ನೆಪದಲ್ಲಿ ನಾನು ಮತ್ತೆ ಲೋಟವಿಟ್ಟೆ. ನೀರು ಒಂದು ಅಂಚಿಗೆ ಏರಿತ್ತು. ಕಬ್ಬಿನ ರಸ ಒಸರಿ, ಸುತ್ತಲಿನ ಕೇಕು ನೆನೆದು, ಆಸರೆಗಳೇ ವಾಲುತ್ತಿದ್ದವು.

"ವಿನುತಕ್ಕಾ, ಇದು ನಿಲ್ಲಲ್ಲ."

ಅವಳ ಮುಖ ಬಿಳಿಚಿಕೊಂಡಿತು. "ಬೀಳಬಾರದು ಕಣೇ. ದೊಡ್ಡಪ್ಪಂದಿರು ಇಬ್ಬರೂ ಅರವತ್ತರಲ್ಲೇ ಹೋದ್ರು. ಅಪ್ಪನಿಗೆ ಎದೆ ಆಪರೇಷನ್ ಆಗಿ ಇನ್ನೂ ತಿಂಗಳಾಗಿಲ್ಲ. ಇದು ಎಲ್ಲರೆದುರು ಬಿದ್ರೆ, ತನ್ನ ಸರದೀನೂ ಬಂತು ಅಂದ್ಕೋತಾರೆ ಅಪ್ಪ."

ಯುದ್ಧದ ಪದ್ಯದ ನಡುವೆ ತಾತ ಉಸಿರಿಗೆಂದು ನಿಲ್ಲುತ್ತಿದ್ದರು. ಮುಂದಿನ ಸಾಲಿನಲ್ಲಿ ಯಾರು ಬೀಳುವರೋ ಎಂದು ಚಿಕ್ಕಂದಿನಲ್ಲಿ ನನ್ನ ಅಂಗೈ ಬೆವರುತ್ತಿತ್ತು. ಈಗಲೂ ಹಾಗೆಯೇ ಬೆವರಿತು.

"ಅಕ್ಕಾ, ರಾಹು ಹೋಗೋದ್ರೊಳಗೆ ನನ್ನ ಹಸಿವೇ ಹೋಗುತ್ತೆ," ಎಂದು ಶ್ರೀಕಂಠಯ್ಯ ಎದೆಯ ಮೇಲಿನ ಶಾಲು ಹಿಡಿದುಕೊಂಡು ನಕ್ಕರು. ಎಲ್ಲರೂ ನಕ್ಕರು. ಅಷ್ಟರಲ್ಲಿ ನಡುವಿನ ಅಂತಸ್ತಿನ ಬುಡದಲ್ಲಿ ಹೊದಿಕೆ ಬಿರಿಯಿತು.

ನಾನು ಕೈ ಚಾಚಿದೆ. ತುಂಗಮ್ಮ ನೋಡಿಬಿಟ್ಟಿದ್ದರು. ನನ್ನನ್ನು ಸರಿಸಿ ಬಂದು, ನಡುವಿನ ಕೇಕನ್ನು ಎರಡೂ ಕೈಗಳಿಂದ ಅವುಚಿ ಹಿಡಿದರು.

"ಕಂಠೀ, ಕೊಯ್ಯೋ."

"ಇನ್ನೂ ರಾಹುಕಾಲ ಅಲ್ವೇನೇ ಅಕ್ಕಾ?"

"ರಾಹೂನ ನಾನು ನೋಡ್ಕೋತೀನಿ. ನೀನು ಕೊಯ್ಯೋ!"

ಚಾಕು ಮೇಲಿನ ಕೇಕಿಗೆ ಇಳಿಯಿತು. ಚಪ್ಪಾಳೆ ಬಿತ್ತು. ತುಂಗಮ್ಮ ಮಾತ್ರ ಕೈ ತೆಗೆಯಲಿಲ್ಲ.

"ಆಯ್ತು ಅತ್ತೆ, ಬಿಡಿ."

"ಬಿಟ್ರೆ ಹೋಗಿಬಿಡ್ತಾನೆ ಕಣೇ," ಎಂದರು ತುಂಗಮ್ಮ, ಮೆಲ್ಲಗೆ.

ಮೇಲಿನದನ್ನು ಇಳಿಸಿ, ನಡುವಿನದನ್ನು ತಟ್ಟೆಗೆ ಸರಿಸಿದ ಮೇಲೆಯೇ ಅವರ ಕೈ ಸಡಿಲಿದ್ದು. ಬಿಳಿಯ ಹೊದಿಕೆಯಲ್ಲಿ ಹತ್ತು ಬೆರಳುಗಳೂ ಆಳವಾಗಿ ಮೂಡಿದ್ದವು. ಆ ಕೇಕನ್ನು ಯಾರೂ ಕೊಯ್ಯಲಿಲ್ಲ. ಊಟ ಮುಗಿದು ನಾನು ಪಾತ್ರೆ ಕಟ್ಟಿಕೊಳ್ಳಲು ಒಳಗೆ ಹೋದಾಗ ಶ್ರೀಕಂಠಯ್ಯನವರು ಒಬ್ಬರೇ ಅದರ ಮುಂದೆ ಕೂತಿದ್ದರು. ಅಕ್ಕನ ಒಂದೊಂದೇ ಬೆರಳಿನ ಗುಳಿಯಲ್ಲಿ ತಮ್ಮ ಬೆರಳನ್ನಿಟ್ಟು ನೋಡುತ್ತಿದ್ದರು.